ಗೂಳಿಪೇಟೆಯ ಬೆಂಕಿ ಗಾಡಿ

ನಗು ಬಂದರೆ ನಕ್ಕುಬಿಡಿ, ನಾನು ಬೇಡ ಅನ್ನೋದಿಲ್ಲ. ಗೂಳಿಪೇಟೆಯವರೂ ಮೊದಮೊದಲು ನಕ್ಕವರೇ.

ಗೂಳಿಪೇಟೆಯ ಮಗ್ಗದ ಕೇರಿಯಲ್ಲಿ ಚೌಡಮ್ಮ ಅಂತ ಒಬ್ಬಳಿದ್ದಳು. ಅವಳಿಗೆ ಒಬ್ಬನೇ ಮಗ, ರಾಮಲಿಂಗ. ವಯಸ್ಸು ಮೂವತ್ತು, ಬುದ್ಧಿ ಮಾತ್ರ ಇನ್ನೂ ಬರೋ ದಾರಿಯಲ್ಲೇ ಇತ್ತು. ಹೇಳಿದ್ದನ್ನ ಹೇಳಿದ ಹಾಗೇ ಮಾಡುವವನು. ಮಗ್ಗದ ಮುಂದೆ ಕೂತರೆ ಮಾತ್ರ ಅವನ ಕೈ ತಪ್ಪುತ್ತಿರಲಿಲ್ಲ. ತಾನು ಕಣ್ಣು ಮುಚ್ಚಿದ ಮೇಲೆ ಇವನ ಹೊಟ್ಟೆಗೆ ಈ ಮಗ್ಗವೇ ದಿಕ್ಕು ಅಂತ ಚೌಡಮ್ಮ ಅದನ್ನ ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದಳು.

ಆದರೆ ಕೇರಿ ಪೂರಾ ಸೋಗೆ ಹೊದಿಸಿದ ಮನೆಗಳು. ಹೋದ ಬೇಸಿಗೆಯಲ್ಲಿ ಮೂರು ಮನೆ ಸುಟ್ಟವು. ಬೆಂಕಿ ಆರಿಸೋ ಪುರಸಭೆಯ ಗಾಡಿಯನ್ನ ಊರವರು ತಳ್ಳಿ ತಳ್ಳಿ ತರುವಷ್ಟರಲ್ಲಿ ತೊಟ್ಟಿಯ ನೀರೆಲ್ಲ ದಾರಿಯಲ್ಲೇ ಸೋರಿತ್ತು. ಹೊಸ ಗಾಡಿ ಕೊಳ್ಳಿ ಅಂತ ಚೌಡಮ್ಮ ಪುರಸಭೆಗೆ ಅಲೆದಳು, ಅಧ್ಯಕ್ಷ ತೋಟಪ್ಪನವರ ಕಾಲು ಹಿಡಿದಳು. ನೋಡಿ ತೀರ್ಮಾನ ಮಾಡೋಣ ಅಂದರು.

ಆ ಹಳೇ ಗಾಡಿಗೆ ನೀರು ತುಂಬುವ ಕೆಲಸ ರಾಮಲಿಂಗನದೇ. ಡ್ರೈವರ್ ದಸ್ತಗೀರ್ ಸಾಬರು ಅವನಿಗೆ, "ನಾಳೆ ದೊಡ್ಡವರು ಬರ್ತಾರೆ, ಗಾಡಿ ಒಂಚೂರು ಚೆನ್ನಾಗಿ ಕಾಣೋ ಹಾಗೆ ಮಾಡಪ್ಪ" ಅಂದರು.

ಮಾಡಿದ. ಎಣ್ಣೆ ಹಚ್ಚಿ ತಿಕ್ಕಿದ, ತುಕ್ಕಿನ ಮೇಲೆಲ್ಲ ಕೆಮ್ಮಣ್ಣು ಬಳಿದ, ತೊಟ್ಟಿಯ ತೂತಿಗೆಲ್ಲ ಸೋಪು ಮೆತ್ತಿದ. ಮರುದಿನ ಪುರಸಭೆಯ ಸದಸ್ಯರು ಬಂದು ಸುತ್ತು ಹಾಕಿ ನೋಡಿದರು. ಒಂದು ತೊಟ್ಟೂ ಸೋರುತ್ತಿಲ್ಲ. "ಇದಕ್ಕೇನಾಗಿದೆ? ಇನ್ನೂ ಹತ್ತು ವರ್ಷ ಓಡುತ್ತೆ" ಅಂದು ಹೊರಟೇಹೋದರು.

ಚೌಡಮ್ಮ ತಲೆ ತಲೆ ಚಚ್ಚಿಕೊಂಡಳು. "ಅಯ್ಯೋ ಪೆದ್ದಪ್ಪ, ಹುಳುಕು ಅವರ ಕಣ್ಣಿಗೆ ಬೀಳಬೇಕಿತ್ತು ಕಣೋ. ಇನ್ಮೇಲೆ ಅವರು ಕೇಳಿದ್ರೆ ಇದ್ದದ್ದನ್ನ ಇದ್ದ ಹಾಗೆ ಹೇಳು. ಏನೂ ಮುಚ್ಚಿಡಬೇಡ."

"ಆಗಲಿ ಕಣವ್ವ."

ಅವಳು ಮತ್ತೆ ಅಲೆದಳು. ತೋಟಪ್ಪನವರು ಮತ್ತೆ ಬಂದರು. "ಏನಪ್ಪ, ಗಾಡಿ ಹೇಗಿದೆ?"

"ತೊಟ್ಟಿ ಸೋರುತ್ತೆ ಸ್ವಾಮಿ. ತಳ್ಳದಿದ್ರೆ ಹೊರಡಲ್ಲ."

ಪಕ್ಕದಲ್ಲೇ ನಿಂತಿದ್ದ ಚೌಡಮ್ಮನ ಜೀವ ತಣ್ಣಗಾಯಿತು. ಮಗ ನಿಲ್ಲಿಸಲಿಲ್ಲ. "ಹೊಸ ಟಯರು ಬಂದಿತ್ತು. ಅದು ನಿಮ್ಮ ಬಾಮೈದನ ಲಾರಿಗೆ ಹೋಯ್ತು. ನಿಮಗೆ ನಾಚಿಕೆ ಇಲ್ಲ ಅಂತ ಊರಲ್ಲಿ ಎಲ್ಲರೂ ಅಂತಾರೆ. ನಮ್ಮವ್ವನೂ ಅಂತಾಳೆ."

ತೋಟಪ್ಪನವರ ಮುಖ ಕಪ್ಪಿಟ್ಟಿತು. ಗಾಡಿಯ ಮಾತು ಆರು ತಿಂಗಳು ಮೂಲೆ ಸೇರಿತು. ಮಗನ ಕೆಲಸವೂ ಹೋಗುವುದರಲ್ಲಿತ್ತು. ಚೌಡಮ್ಮ ಅತ್ತು ಕರೆದು, ಪುರಸಭೆಯ ಬಾಗಿಲು ಕಾಯುವ ಕೆಲಸ ಕೊಡಿಸಿದಳು.

"ದೊಡ್ಡವರ ಉಸಾಬರಿ ನಿನಗ್ಯಾಕೋ? ಅವರು ಹೇಳಿದಷ್ಟು ಮಾಡು. ಬೇರೆ ಯಾರ ಮಾತೂ ಕೇಳಬೇಡ. ನಾನೇ ಬಂದು ಹೇಳಿದ್ರೂ ಕೇಳಬೇಡ."

"ಆಗಲಿ ಕಣವ್ವ."

ಅಂತೂ ಒಂದು ಮಧ್ಯಾಹ್ನ ಗಾಡಿಯ ಸಭೆ ಕೂತಿತು. ಹೇಳಿಕೆ ಕೊಡಲು ದಸ್ತಗೀರ್ ಸಾಬರನ್ನೂ ಒಳಗೆ ಕರೆದರು. ಗಾಡಿಯ ಕೀಲಿಕೈ ಅವರ ಜೇಬಿನಲ್ಲಿ. ತೋಟಪ್ಪನವರು ಬಾಗಿಲಲ್ಲಿ ನಿಂತು, "ಸಭೆ ಮುಗಿಯೋ ತನಕ ಒಂದು ನರಪಿಳ್ಳೆಯೂ ಒಳಗೆ ಬರಕೂಡದು" ಅಂದು ಹೋದರು.

ಸ್ವಲ್ಪ ಹೊತ್ತಿಗೆ ಚೌಡಮ್ಮ ಬರಿಗಾಲಲ್ಲಿ ಓಡಿಬಂದಳು. "ಕೇರಿಗೆ ಬೆಂಕಿ ಬಿತ್ತು ಕಣೋ. ಎರಡು ಮನೆ ದಾಟಿದ್ರೆ ನಮ್ಮದೇ. ಬಾಗಿಲು ತೆಗಿ."

"ಸಭೆ ಮುಗೀಲಿ ಅವ್ವ."

"ನಿನ್ನ ಮಗ್ಗ ಕಣೋ ರಾಮಲಿಂಗ, ನಿನ್ನ ಮಗ್ಗ."

ಅವಳು ಬಾಗಿಲಿಗೆ ನುಗ್ಗಿದಳು. ಮಗ ಗಟ್ಟಿಮುಟ್ಟಾದ ಆಳು. ನೋವಾಗದ ಹಾಗೆ ಅವಳ ಎರಡೂ ಕೈ ಹಿಡಿದುಕೊಂಡ. ಅವಳು ಕೂಗಿಕೊಂಡಳು. ಒಳಗೆ ಗಾಡಿಯ ಮೇಲೆ ಜಗಳ ಜೋರಾಗಿತ್ತು, ಆದರೂ ಯಾರೋ ಕೇಳಿಸಿಕೊಂಡು, "ಯಾರೋ ಅದು ಗಲಾಟೆ?" ಅಂದರು.

"ಯಾರೂ ಇಲ್ಲ ಸ್ವಾಮಿ, ನಮ್ಮವ್ವ" ಅಂದ ಮಗ.

ಅವಳನ್ನ ಬೆಂಚಿನ ಮೇಲೆ ಕೂರಿಸಿ, ಒಂದು ಲೋಟ ನೀರು ಕೊಟ್ಟ. ಕೇರಿಯ ಕಡೆಯಿಂದ ಹೊಗೆ ಏಳುತ್ತಿತ್ತು. ಅವಳು ನೀರು ಮುಟ್ಟಲಿಲ್ಲ.

ಕೊನೆಗೆ ಬಾಗಿಲು ತೆರೆಯಿತು. ತೋಟಪ್ಪನವರು ನಗುತ್ತಾ ಬಂದು, "ನಿನ್ನ ಆಸೆ ಈಡೇರಿತು ಕಣಮ್ಮ. ಹೊಸ ಗಾಡಿ ತರೋದು ಅಂತ ಎಲ್ಲರೂ ಒಪ್ಪಿದರು" ಅಂದರು.

ಹಳೇ ಗಾಡಿಯನ್ನ ತಳ್ಳಿಕೊಂಡು ಹೋಗುವಷ್ಟರಲ್ಲಿ ಸುಡಲು ಏನೂ ಉಳಿದಿರಲಿಲ್ಲ. ಜನ ಹೇಗೋ ಜೀವ ಉಳಿಸಿಕೊಂಡಿದ್ದರು. ಚೌಡಮ್ಮ ಬೀದಿಯಲ್ಲಿ ಕೂತುಬಿಟ್ಟಳು. ಬೈಯಲಿಲ್ಲ, ಬುದ್ಧಿ ಹೇಳಲಿಲ್ಲ. ಮಗ ಪಕ್ಕದಲ್ಲೇ ನಿಂತಿದ್ದ. ಹೊತ್ತು ಇಳಿಯಿತು. ಅವಳ ಸಂಕಟ ನೋಡಲಾರದೆ ದಸ್ತಗೀರ್ ಸಾಬರು, "ಅಮ್ಮನ್ನ ಮನೆಗೆ ಕರ್ಕೊಂಡು ಹೋಗಪ್ಪ" ಅಂದುಬಿಟ್ಟರು. ಎಲ್ಲಿಯ ಮನೆ ಅಂತ ಆಮೇಲೆ ನಾಲಿಗೆ ಕಚ್ಚಿಕೊಂಡರು.

ಮಗ ಆಗಲೇ ಅವ್ವನ ಕೈ ಹಿಡಿದು ಎಬ್ಬಿಸಿದ್ದ. ಬೂದಿ ತುಳಿಯುತ್ತಾ ಮನೆಯ ಗಿಡ್ಡ ಬಾಗಿಲಿದ್ದ ಜಾಗದ ತನಕ ಕರೆದುಕೊಂಡು ಹೋದ. ಅಲ್ಲಿ ನಿಂತು, ಅವಳ ತಲೆಯ ಮೇಲೆ ಕೈ ಅಡ್ಡ ಹಿಡಿದು, "ಬಗ್ಗವ್ವ, ತಗಲುತ್ತೆ" ಅಂದ.

ಚೌಡಮ್ಮ ಬಗ್ಗಿದಳು.