ಎರಡಂಕಣದ ಮನೆ

ಈ ಕಥೆಯನ್ನು ಹೇಳಬೇಕಾದ ಹಾಗೆ ಹೇಳಲು ನನಗೆ ಬಾರದು. ಮೊದಲ ಸಲ ಬರೆಯುತ್ತಿದ್ದೇನೆ. ಎರಡು ಮಾತಿನಲ್ಲಿ ಮುಗಿಯುವುದಕ್ಕೆ ಹತ್ತು ಮಾತು ಬಳಸಿಬಿಡುತ್ತೇನೆ. ಓದುವವರು ಮನ್ನಿಸಬೇಕು.

ವರದಾ ನದಿಯ ದಂಡೆಯ ಮೇಲೆ ಒಂದು ಆಶ್ರಮವಿತ್ತು. ಗುರುಗಳ ಹೆಸರು ಅಡವಯ್ಯ. ಎಲ್ಲರೂ ಅವರನ್ನು ಅಜ್ಜಾರು ಎನ್ನುತ್ತಿದ್ದರು. ಆ ಕಡೆ ಸ್ವಾಮಿಗಳನ್ನು ಹಾಗೆ ಕರೆಯುವುದು ಗೌರವಕ್ಕೆ, ವಯಸ್ಸಿಗಲ್ಲ. ಆದರೆ ಈಗ ಅವರಿಗೆ ವಯಸ್ಸೂ ಆಗಿತ್ತು.

ಆಶ್ರಮದ ಮನೆ ಹದಿನೆಂಟು ಅಂಕಣದ್ದು. ಅಂಕಣವೆಂದರೆ ಕಂಬದಿಂದ ಕಂಬಕ್ಕೆ ಇರುವ ಜಾಗ. ಹದಿನೆಂಟು ಎಂದರೆ ಬಹಳ ದೊಡ್ಡ ಮನೆ ಎಂದೇ ತಿಳಿಯಬೇಕು.

ಒಂದು ಕಾಲಕ್ಕೆ ಅಲ್ಲಿ ನಲವತ್ತು ಜನ ಶಿಷ್ಯರಿದ್ದರು. ಒಬ್ಬೊಬ್ಬರನ್ನಾಗಿ ಅಜ್ಜಾರೇ ಕಳಿಸಿಕೊಟ್ಟರು. ಕಳಿಸುವಾಗ ಆಡುತ್ತಿದ್ದುದು ಒಂದೇ ಮಾತು: "ಇನ್ನ ನಿನಗ ಇಲ್ಲಿ ಕೆಲಸಿಲ್ಲ. ಹೋಗಿ ಬಾ."

ಕೊನೆಗೆ ಉಳಿದವನು ಮುದ್ದಯ್ಯ. ಅವನು ಬಂದು ಇಪ್ಪತ್ತೆರಡು ವರ್ಷವಾಗಿತ್ತು.

ಒಂದು ಬೆಳಿಗ್ಗೆ ಅಜ್ಜಾರು ಹೇಳಿದರು:

"ಮುದ್ದಯ್ಯಾ, ಈ ಮನೀನ ನೇಕಾರರಿಗೆ ಕೊಟ್ಟುಬಿಡೂಣು. ಮಗ್ಗ ಹಾಕ್ಕೊಳ್ಳಿ. ತ್ವಾಟದಾಗಿನ ಎರಡಂಕಣದ ಮನಿ ಐತೆಲ್ಲ, ಅದು ನನಗ ಸಾಕು."

"ಅದು ಪೂರಾ ಹಾಳುಬಿದ್ದೈತ್ರೀ ಅಜ್ಜಾರ."

"ಅದಕ್ಕ ಕೆಲಸದವರನ್ನ ನೋಡು. ಆ ಮನಿಯೊಳಗ ನಾ ಒಬ್ಬನ ಇದ್ದರೂ ಬೀಳಬಾರದು. ಹಂಗ ಮಾಡಸು."

ಇಲ್ಲಿ ಒಂದು ಸಂಗತಿ ಹೇಳಬೇಕು. ಹಿಂದಿನ ಚಳಿಗಾಲದಲ್ಲಿ ಅಜ್ಜಾರು ಬಚ್ಚಲಿನಲ್ಲಿ ಜಾರಿ ಬಿದ್ದಿದ್ದರು. ಇನ್ನೊಮ್ಮೆ ಬಿದ್ದರೆ ಏಳಲಾರರು ಎಂದು ವೈದ್ಯರು ಮುದ್ದಯ್ಯನಿಗೆ ಹೇಳಿಹೋಗಿದ್ದರು.

ಮುದ್ದಯ್ಯನಿಗೆ ಎರಡೂ ಕಡೆ ಅಂಜಿಕೆ. ಮನೆ ಸರಿಯಾಗಿ ಆಗದಿದ್ದರೆ ಅಜ್ಜಾರು ಬೀಳುತ್ತಾರೆ. ಸರಿಯಾಗಿ ಆದರೆ ಆ ಒಂದೇ ಮಾತು ತನ್ನ ಪಾಲಿಗೂ ಬರುತ್ತದೆ. ತಾನು ಬೇಡವಾಗುವಂಥ ಮನೆಯನ್ನು ತಾನೇ ಮಾಡಿಸಬೇಕು.

ಆದರೂ ಹೋದ. ಬಡಗಿ ಮೌನೇಶಾಚಾರಿಯನ್ನೂ ಗೌಂಡಿ ಹುಸೇನಸಾಬನನ್ನೂ ಕರೆತಂದ. ಗೌಂಡಿಯೆಂದರೆ ಗಾರೆ ಕೆಲಸದವನು.

ಮೊದಲು ಅವರನ್ನು ದೊಡ್ಡ ಮನೆಯೊಳಗೇ ಕರೆದುಕೊಂಡು ಹೋದ.

"ಅಲ್ಲೀದೂ ಹಿಂಗ ಆಗಬೇಕು. ಸಣ್ಣದು, ಅಷ್ಟ."

ಹುಸೇನಸಾಬ ಬಡಗಿಯ ಕಡೆ ನೋಡಿ ಕಣ್ಣು ಮಿಟುಕಿಸಿದ.

"ಕುರಿ ಮಾಡಿಕೊಡು, ಸೊಂಡಿ ಮಾತ್ರ ಆನೀದ ಇರಲಿ ಅಂದಂಗಾತು."

ಮುದ್ದಯ್ಯ ಅದನ್ನು ಕೇಳಿಸಿಕೊಳ್ಳಲಿಲ್ಲ. ಕಂಬದಿಂದ ಕಂಬಕ್ಕೆ ಹೋಗುತ್ತ ಹೇಳತೊಡಗಿದ.

"ಈ ಕಂಬ ನೋಡ್ರಿ. ಕರಿಬಸಯ್ಯ ಪಾಠದಾಗ ಇದಕ್ಕ ತಲಿ ಹಚ್ಚಿ ತೂಕಡಸ್ತಿದ್ದ. ಅವನ ತಲಿ ಎಣ್ಣಿ ಕಲೆ ಇನ್ನೂ ಐತಿ. ಇಲ್ಲಿ ಬೀಸೂಕಲ್ಲು ಇತ್ತು. ನಸುಕಿನ್ಯಾಗ ಅದರ ಸಪ್ಪಳಕ್ಕ ಎಲ್ಲಾರೂ ಏಳ್ತಿದ್ವಿ. ಇಲ್ಲಿಂದ ಅಲ್ಲೀಮಟ ಹಗ್ಗ ಕಟ್ಟಿತ್ತು. ನಲವತ್ತು ಹಸಿ ಧೋತರ! ಗಾಳಿ ಬಿಟ್ಟರ ಹಾದುಹೋಗೂರ ಕಪಾಳಕ್ಕ ಫಟ್ ಅಂತ ಬಡೀತಿದ್ವು. ಅಜ್ಜಾರು ಎಷ್ಟು ನಗ್ತಿದ್ದರು ಅಂತೀರಿ!"

ಹೇಳುತ್ತ ಹೇಳುತ್ತ ಅವನ ಧ್ವನಿ ಸಣ್ಣದಾಯಿತು. ಹಗ್ಗ ಕಟ್ಟಿದ್ದ ಎರಡು ಮೊಳೆಗಳು ಮಾತ್ರ ಈಗ ಅಲ್ಲಿದ್ದವು.

ಮೌನೇಶಾಚಾರಿ ಉಳಿ ಬಾಚಿಗಳ ಚೀಲದ ಮೇಲೆ ಕೂತು ಎಲ್ಲವನ್ನೂ ಕೇಳಿದ. ಅವಸರ ಮಾಡಲಿಲ್ಲ. ಆಮೇಲೆ ಮೆಲ್ಲಗೆ ಹೇಳಿದ:

"ಎಲ್ಲಾ ಖರೇರಿ. ಆದರ ಇವರು ಯಾರೂ ಆ ಮನಿಗೆ ಬರೂದಿಲ್ಲಲ್ಲ. ಬರೂರು ಅಜ್ಜಾರು. ಅವರದು ಹೇಳ್ರಿ. ಕುಂತವರು ಏಳೂಮುಂದ ಯಾವ ಕೈ ಊರತಾರ?"

ಮುದ್ದಯ್ಯ ಬಾಯಿ ತೆರೆದ. ಬಂದದ್ದು ಅಜ್ಜಾರ ಉಪದೇಶದ ಮಾತು.

"ಏಳೂದರ ಬಗ್ಗೆ ಅಜ್ಜಾರು ಹೇಳ್ಯಾರ. ಎದ್ದವನು ತಾನು ಎದ್ದೀನಿ ಅಂತ ಮೊದಲು ತಿಳೀಬೇಕು, ಆಮ್ಯಾಲೆ..."

"ಅದು ಅಜ್ಜಾರ ಬಾಯಿ ಹೇಳಿದ್ದು. ನಾ ಕೇಳಿದ್ದು ಕೈ."

ಅಜ್ಜಾರ ಮಾತುಗಳೆಲ್ಲ ಮುದ್ದಯ್ಯನಿಗೆ ಬಾಯಿಪಾಠವಾಗಿದ್ದವು. ಯಾವ ಊರಿನವರು ಏನು ಕೇಳಿದಾಗ ಏನು ಹೇಳಿದರು ಎಂಬುದೂ ನೆನಪಿತ್ತು. ಕೈ ಮಾತ್ರ ಗೊತ್ತಿರಲಿಲ್ಲ.

ಹೋಗಿ ಕೇಳಬಹುದಿತ್ತು. ಆದರೆ ಗುರುವಿನ ಮುಂದೆ ನಿಂತು, ನಿಮ್ಮ ಯಾವ ಕೈಯಲ್ಲಿ ಬಲವಿದೆ ಎಂದು ಕೇಳುವುದು ಹೇಗೆ? ಆಶೀರ್ವಾದಕ್ಕೆ ಎತ್ತುವುದು ಬಲಗೈ. ಅದನ್ನೇ ಹೇಳಿಬಿಟ್ಟ.

"ಬಲಗೈ."

"ನೋಡೀರೇನು?"

"ಇಪ್ಪತ್ತೆರಡು ವರ್ಷದಿಂದ ಜೊತಿಗಿದ್ದೀನಿ ಆಚಾರ್ರ."

ಬಡಗಿ ಚೀಲ ಎತ್ತಿಕೊಂಡು ಎದ್ದ.

ಕೆಲಸ ಎಂಟು ದಿನ ನಡೆಯಿತು. ಹುಸೇನಸಾಬ ಎತ್ತರದ ಹೊಸ್ತಿಲು ತೆಗೆದು ನೆಲ ಸಮ ಮಾಡಿದ. ಬಚ್ಚಲಿನ ಕಲ್ಲಿಗೆ ಉಳಿಪೆಟ್ಟು ಕೊಟ್ಟು ಕಾಲು ಜಾರದಷ್ಟು ಒರಟು ಮಾಡಿದ. ಮೌನೇಶಾಚಾರಿ ಹಲಗೆಗಳನ್ನು ಕೈಗೆಟುಕುವಷ್ಟು ಕೆಳಗಿಳಿಸಿದ. ಬಚ್ಚಲಿನ ಬಲಗೋಡೆಗೆ ಜಾಲಿಮರದ ಹಿಡಿಕೋಲು ಕೂರಿಸಿದ.

ಒಂಬತ್ತನೆಯ ದಿನ ಅಜ್ಜಾರು ನೋಡಲು ಬಂದರು. ಹಲಗೆ ಮುಟ್ಟಿದರು. ನೆಲ ಮುಟ್ಟಿದರು. ಸಣ್ಣ ಮಕ್ಕಳ ಹಾಗೆ ಎಲ್ಲವನ್ನೂ ಮುಟ್ಟಿ ನೋಡಿದರು. ಬಚ್ಚಲಿಗೆ ಹೋಗಿ ಮಣೆಯ ಮೇಲೆ ಕೂತರು.

ಏಳಲು ಹೊರಟಾಗ ಅವರ ಎಡಗೈ ಗಾಳಿಯಲ್ಲಿ ಏನನ್ನೋ ಹುಡುಕಿತು. ಅಲ್ಲಿ ಏನೂ ಇರಲಿಲ್ಲ.

ಮೈ ವಾಲಿತು.

ಗೋಡೆಗೆ ಸುಣ್ಣ ಬಳಿಯುತ್ತಿದ್ದ ಹುಸೇನಸಾಬ ಅಲ್ಲೇ ಇದ್ದ. ಹಾರಿ ಬಂದು ತಬ್ಬಿ ಹಿಡಿದ. ಕಾವಿಯ ಮೇಲೆ ಅವನ ಐದು ಬೆರಳು ಬೆಳ್ಳಗೆ ಮೂಡಿದವು.

"ಅಜ್ಜಾರ, ಬಟ್ಟಿ ಹೊಲಸಾತ್ರಿ!"

"ಇರಲೋ ಮಾರಾಯ. ಮೈ ಉಳೀತು."

ಮುದ್ದಯ್ಯ ಬಾಗಿಲಲ್ಲಿ ನಿಂತಿದ್ದ. ಮೌನೇಶಾಚಾರಿ ಅವನನ್ನು ಮೇಲಿಂದ ಕೆಳಗೆ ನೋಡಿದ. ಹತ್ತಿರ ಬಂದು ಅವನ ಅಂಗಿಯ ಬಲ ಹೆಗಲನ್ನು ಬೆರಳಿನಿಂದ ತೀಡಿದ. ಬಟ್ಟೆ ಅಲ್ಲಿ ಸವೆದು ಜಾಳಾಗಿತ್ತು. ಎಡ ಹೆಗಲು ಅಷ್ಟು ಸವೆದಿರಲಿಲ್ಲ.

"ಇದು ಯಾಕ ಸವದೈತಿ?"

"ನೀರಿನ ಕೊಡ ಹೊತ್ತು ಸವದಿರಬೇಕು."

"ಕೊಡ ಯಾವ ಹೆಗಲ ಮ್ಯಾಲ ಹೊರತೀರಿ?"

ಮುದ್ದಯ್ಯ ಯೋಚಿಸಿದ. "ಎಡ," ಎಂದ. ಎಂದವನೇ ಬಲ ಹೆಗಲನ್ನು ತಿರುಗಿ ನೋಡಿಕೊಂಡ.

ಅಜ್ಜಾರು ಬಂದು ಅವನ ಬಲಕ್ಕೆ ನಿಂತರು. ಎಡಗೈ ಎತ್ತಿ ಆ ಜಾಳು ಬಟ್ಟೆಯ ಮೇಲೆ ಇಟ್ಟರು. ದಿನಾ ಹೊಳೆಗೆ ಹೋಗುವಾಗ ಇಡುತ್ತಿದ್ದ ಹಾಗೆಯೇ ಇಟ್ಟರು. ಆರು ವರ್ಷದಿಂದ ಆ ಕೈ ಅಲ್ಲೇ ಇರುತ್ತಿತ್ತು. ಅವರ ಮಾತು ಕೇಳುತ್ತ ನಡೆಯುವ ಮುದ್ದಯ್ಯ ಒಂದು ದಿನವೂ ಅದರ ಲೆಕ್ಕವಿಟ್ಟವನಲ್ಲ.

ಅವನ ಕಣ್ಣು ತುಂಬಿಬಂತು.

"ಅದು ಆಶೀರ್ವಾದ ಅಂತ ತಿಳದಿದ್ದೆ ಅಜ್ಜಾರ."

"ಅದೂ ಇತ್ತು," ಎಂದರು ಅಜ್ಜಾರು. "ಭಾರಾನೂ ಇತ್ತು."

"ನನಗ ಗೊತ್ತಾಗಲಿಲ್ಲ."

"ಗೊತ್ತಾಗಲಿಲ್ಲೋ, ಗೊತ್ತಾಗೂದು ಬ್ಯಾಡಾಗಿತ್ತೋ?"

ಮುದ್ದಯ್ಯ ತಲೆ ತಗ್ಗಿಸಿದ. ಕೋಲು ಸರಿಯಾದ ಜಾಗಕ್ಕೆ ಬಂದರೆ ತಾನು ಹೋಗಬೇಕಾಗುತ್ತದೆ ಎಂಬ ಅಂಜಿಕೆ ಮನಸ್ಸಿನ ಮೂಲೆಯಲ್ಲಿ ಇದ್ದೇ ಇತ್ತು. ಅದು ತನಗೆ ಗೊತ್ತಿಲ್ಲ ಎನ್ನಲು ಅವನಿಂದಾಗಲಿಲ್ಲ.

ಆಮೇಲೆ ಮುದ್ದಯ್ಯ ತಾನೇ ಹೋಗಿ ಬಚ್ಚಲಿನ ಎಡಗೋಡೆಗೆ ಬೆನ್ನು ಕೊಟ್ಟು ನೆಟ್ಟಗೆ ನಿಂತ.

"ಆಚಾರ್ರ, ನನ್ನ ಹೆಗಲಿನ ಎತ್ತರ ಗುರುತು ಮಾಡ್ಕೊಳ್ರಿ. ನಿಂತಾಗ ಅವರ ಕೈ ಇಲ್ಲಿಗೆ ಬರ್ತೈತಿ. ಏಳೂಮುಂದ ಹಿಡಿಯಾಕ ಕೆಳಗ ಇನ್ನೊಂದು ಕೋಲು ಇರಲಿ."

ಬಡಗಿ ಕಿವಿಯಿಂದ ಪೆನ್ಸಿಲ್ಲು ತೆಗೆದು ಗೋಡೆಗೆ ಗೀಟು ಹಾಕಿದ.

ಮರುದಿನ ಮಧ್ಯಾಹ್ನಕ್ಕೆ ಎರಡೂ ಕೋಲು ಕೂತವು. ಅಜ್ಜಾರು ಅವನ್ನು ಹಿಡಿದು ಕೂತರು, ಎದ್ದರು. ಮತ್ತೆ ಕೂತರು, ಮತ್ತೆ ಎದ್ದರು. ಯಾರ ಸಹಾಯವೂ ಬೇಕಾಗಲಿಲ್ಲ.

"ಗಟ್ಟಿ ಐತಿ," ಎಂದರು.

ಮುದ್ದಯ್ಯ ಕೈಮುಗಿದ.

"ಹಂಗಾರ ನಾ ಗಂಟು ಕಟ್ಟಲೇನ್ರೀ ಅಜ್ಜಾರ?"

"ಯಾಕೋ?"

"ನೀವು ಒಬ್ಬರ ಇದ್ದರೂ ಇನ್ನ ಬೀಳೂದಿಲ್ಲ. ನನಗ ಇಲ್ಲಿ ಕೆಲಸಿಲ್ಲ."

"ಕೆಲಸಿಲ್ಲ, ಖರೆ," ಎಂದರು ಅಜ್ಜಾರು. ಒಳಗಿನ ಮಣೆಯ ಮೇಲೆ ಕೂತು ಅವನಿಗೂ ಕೂರಲು ಸನ್ನೆ ಮಾಡಿದರು. "ಕುಂದರು, ಹೇಳ್ತೀನಿ. ಆ ನಲವತ್ತು ಮಂದಿ ಕಲಿಯಾಕ ಬಂದಿದ್ದರು, ಕಲತರು, ಹೋದರು. ನೀನೂ ಹಂಗ ಬಂದಿದ್ದಿ. ಆದರ ಕೆಲಸ ಮುಗದ ಮ್ಯಾಲೂ ಒಬ್ಬ ಮನಶಾ ಹೋಗಾಕ ಒಲ್ಲೆ ಅಂದರ, ಅದಕ್ಕ ಕಾರಣ ಎರಡು. ಒಂದು, ಅವನಿಗೆ..."

"ಅಜ್ಜಾರ!" ಹೊರಗಿನಿಂದ ಹುಸೇನಸಾಬ ಕೂಗಿದ. "ಒಂದೀಟು ಹೊರಗ ಬರ್ರಿ! ಕಲಸಿದ ಗಾರಿ ಒಣಗಾಕ ಹತ್ತೈತಿ. ಬಾಗಲ ಮುಂದಿನ ಕಟ್ಟಿ ಎಷ್ಟುದ್ದ ಇರಬೇಕು?"

ಅಜ್ಜಾರು ಮಾತನ್ನು ಅಷ್ಟಕ್ಕೇ ಬಿಟ್ಟು ಎದ್ದರು. ಮುದ್ದಯ್ಯ ರೂಢಿಯಂತೆ ಹೆಗಲು ಕೊಡಲು ಮುಂದಾದ. ಅವರು ಗೋಡೆ ಹಿಡಿದು ತಾವೇ ಬಾಗಿಲ ತನಕ ನಡೆದರು.

"ಇಬ್ಬರು ಕೂಡೂವಷ್ಟು ಕಟ್ಟಪ್ಪ," ಎಂದು ಮುದ್ದಯ್ಯನ ಕಡೆ ನೋಡಿದರು. "ಒಬ್ಬರಿಗೊಬ್ಬರು ಆತುಕೊಳ್ಳದಂಗ."