ಬಿಳಿ ಇಲಿಗಳ ಮೇಲಿನ ಗುರುತು

"ಗುರುಗಳೇ, ಪಾಠಶಾಲೆಗೆ ಸೇರಿಸಿಕೊಳ್ಳಿ ಎಂದು ಒಬ್ಬ ಬಂದಿದ್ದಾನೆ. ಕೊಲೆ ಮಾಡಿ ಜೈಲು ಸೇರಿದವನ ಮಗ. ಅಜ್ಜನೂ ಅಂಥವನೇ ಆಗಿದ್ದನಂತೆ. ಆ ಕೇಡು ಇವನ ರಕ್ತದಲ್ಲಿ ಇಲ್ಲದೆ ಇರುತ್ತದೆಯೇ?" ಎಂದು ಶಿಷ್ಯ ಮುರಿಗೆಪ್ಪ ಕೇಳಿದ.

ಗುರುಗಳು ಹೇಳಿದರು:

ಒಬ್ಬ ಸಂಶೋಧಕಿ ಬಿಳಿ ಇಲಿಗಳನ್ನು ಸಾಕಿದ್ದಳು. ಒಂದು ಸಂತತಿಯ ಇಲಿಗಳು ರಕ್ತದ ಕ್ಯಾನ್ಸರಿನಿಂದ ಸಾಯುತ್ತಿದ್ದವು. ಅದಕ್ಕೆ ಕಾರಣ ತಾಯಿಯಿಂದ ಮರಿಗೆ ಇಳಿಯುವ ಒಂದು ವೈರಸ್. ಅದು ಹೊಕ್ಕ ಜೀವಕೋಶದ ಮೈಮೇಲೆ ಒಂದು ಗುರುತು ಮೂಡುತ್ತದೆ. ಬಲ್ಲವರು ಅದನ್ನು ಪ್ರತಿಜನಕ ಎನ್ನುತ್ತಾರೆ. ಆ ಗುರುತನ್ನು ಪತ್ತೆಹಚ್ಚಲು, ಅದಕ್ಕೆ ಮಾತ್ರ ಅಂಟುವ ದ್ರವವನ್ನು ಅವಳು ಸಿದ್ಧಪಡಿಸಿದಳು. ಕಾಯಿಲೆಯ ಇಲಿಗಳಲ್ಲೆಲ್ಲ ಗುರುತು ಕಂಡದ್ದರಿಂದ, ಕ್ಯಾನ್ಸರಿನ ಗುರುತೇ ಸಿಕ್ಕಿತೆಂದು ವಿಜ್ಞಾನಿಗಳ ಸಭೆಯಲ್ಲಿ ಸಾರಿದಳು.

ಆಮೇಲೆ ಇನ್ನೊಂದು ಕೋಣೆಯ ಇಲಿಗಳನ್ನು ಪರೀಕ್ಷಿಸಿದಳು. ಅವು ಎಂದೂ ಕಾಯಿಲೆ ಬಿದ್ದವಲ್ಲ. ಅವುಗಳಲ್ಲೂ ಎಷ್ಟೋ ಇಲಿಗಳಿಗೆ ಅದೇ ಗುರುತು ಇತ್ತು.

ಅವಳು ಕೆಲಸ ಮಾಡುತ್ತಿದ್ದ ಸಂಸ್ಥೆಯ ಹಿರಿಯ ಹೇಳಿದ: "ಇನ್ನೇಕೆ ಕಾಯುವುದು? ಗುರುತಿರುವವನ್ನೆಲ್ಲ ಕೊಲ್ಲಿಸಿ, ಕೋಣೆ ತೊಳೆಸಿಬಿಡಮ್ಮ."

"ಒಳಗೆ ವೈರಸ್ ಇದೆ ಎಂದಷ್ಟೇ ಗೊತ್ತಾಗಿದೆ ಸರ್. ಕ್ಯಾನ್ಸರ್ ಬರುತ್ತದೆಂದು ಗೊತ್ತಾಗಿಲ್ಲ. ಬೇರೆ ಇಲಿಗಳಿಂದ ದೂರ ಇಟ್ಟು ಸಾಕುತ್ತೇನೆ. ಬದುಕುವಷ್ಟು ಕಾಲ ಬದುಕಲಿ."

"ನೀನೇ ಸಭೆಯಲ್ಲಿ ಹೇಳಿದ ಮಾತು ಸುಳ್ಳಾದರೆ?"

"ಸುಳ್ಳಾಯಿತೆಂದೂ ನಾನೇ ಹೇಳುತ್ತೇನೆ."

ಅವಳು ಅವುಗಳನ್ನು ಪ್ರತ್ಯೇಕ ಕೋಣೆಯಲ್ಲಿ ಇರಿಸಿದಳು. ಕೆಲವು ದಿನಗಳಲ್ಲಿ ಒಂದು ಇಲಿಯ ಹೊಟ್ಟೆ ಉಬ್ಬಿತು, ಅದೇ ಕ್ಯಾನ್ಸರಿನಿಂದ ಅದು ಸತ್ತಿತು. ಹಿರಿಯ ಬಂದು ನೋಡಿ ಹೋದ. ಮತ್ತೆ ಕೆಲವು ಸತ್ತವು. ಪ್ರತಿ ಬೆಳಿಗ್ಗೆ ಕೋಣೆಯ ಬಾಗಿಲು ತೆರೆಯುವ ಮೊದಲು, ಇನ್ನೆಷ್ಟು ಸತ್ತಿವೆಯೋ ಎಂದುಕೊಳ್ಳುತ್ತಿದ್ದಳು. ಆದರೂ ತೆರೆದಳು, ನೀರಿಟ್ಟಳು, ಕಾಳು ಹಾಕಿದಳು.

ಉಳಿದವು ಹಾಗೆ ಸಾಯಲಿಲ್ಲ. ಮರಿ ಹಾಕಿದವು. ಅವುಗಳ ರೋಮ ಉದುರಿತು, ಕಣ್ಣು ಮಂಜಾಯಿತು, ಮುಪ್ಪಿನಲ್ಲಿ ಒಂದೊಂದಾಗಿ ತೀರಿಕೊಂಡವು. ಕೊನೆಯವರೆಗೂ ಅವುಗಳ ಜೀವಕೋಶದ ಮೇಲೆ ಆ ಗುರುತು ಇದ್ದೇ ಇತ್ತು. ಕ್ಯಾನ್ಸರ್ ಬಂದಿರಲಿಲ್ಲ.

ಅವಳು ಅದೇ ಸಭೆಯಲ್ಲಿ ಎದ್ದು ನಿಂತು, "ನಾನು ಕಂಡದ್ದು ವೈರಸ್ಸಿನ ಗುರುತು. ಅದನ್ನು ಕ್ಯಾನ್ಸರಿನ ಗುರುತು ಎಂದದ್ದು ನನ್ನ ಆತುರ" ಎಂದಳು.

ಗುರುಗಳು ಕತೆ ನಿಲ್ಲಿಸಿದರು.

"ಹಾಗಾದರೆ ಭಯಪಡುವುದಕ್ಕೆ ಏನೂ ಇಲ್ಲವೇ?" ಎಂದ ಮುರಿಗೆಪ್ಪ.

"ಇದೆ. ಕೆಲವು ಸತ್ತವು ಎಂದೆನಲ್ಲ" ಎಂದರು ಗುರುಗಳು. ಆಮೇಲೆ ಕೇಳಿದರು:

"ಅಪ್ಪನ ವಿಷಯ ಹೇಳಿದೆ, ಅಜ್ಜನ ವಿಷಯ ಹೇಳಿದೆ, ಬಾಗಿಲಲ್ಲಿ ನಿಂತಿರುವವನ ಹೆಸರೇನು?"

ಮುರಿಗೆಪ್ಪ ಹೆಸರು ಕೇಳಲು ಎದ್ದು ಬಾಗಿಲಿಗೆ ಹೋದ.