ಇಗ್ವಾನಕ್ಕೆ ಎಳೆಬಿಸಿಲು

ಪದ್ಮಾಕ್ಷಿಗೆ ಸಿಟ್ಟು ಬಂದ ದಿನ ಆಶ್ರಮದ ಅಂಗಳ ಬಹಳ ಚೊಕ್ಕಟವಾಗುತ್ತಿತ್ತು. ಆ ಬೆಳಿಗ್ಗೆ ಅವಳು ಗುಡಿಸಿದ ರಭಸಕ್ಕೆ, ನದಿಯ ಮೆಟ್ಟಿಲ ಮೇಲೆ ಕೂತಿದ್ದ ಗುರುಗಳ ತನಕ ಧೂಳು ಹಾರಿ ಬಂತು.

"ಇವತ್ತು ಯಾರನ್ನು ಗುಡಿಸ್ತಿದ್ದೀಯ?" ಎಂದರು ಗುರುಗಳು.

"ಪೈಗಳನ್ನು."

ಪೇಟೆಯಲ್ಲಿ ಸಾಕುಪ್ರಾಣಿ ಮಾರುವ ಅಂಗಡಿ ಪೈಗಳದು. ಆಶ್ರಮದ ಅಂಗಳ ಗುಡಿಸಿ ಮುಗಿಸಿ ಪದ್ಮಾಕ್ಷಿ ದಿನಾ ಅಲ್ಲಿಗೆ ಕೆಲಸಕ್ಕೆ ಹೋಗುತ್ತಿದ್ದಳು. ದಪ್ಪ ತುಪ್ಪಳದ ನಾಯಿಮರಿಗಳಿಗೆ ಸೆಕೆಯಾಗಬಾರದೆಂದು ಅಲ್ಲಿ ಸದಾ ಎಸಿ ಓಡುತ್ತಿತ್ತು. ಅದರ ಗಾಳಿ ನೇರ ಬೀಳುವ ಮೂಲೆಯಲ್ಲಿ, ಗಾಜಿನ ಪೆಟ್ಟಿಗೆಯೊಳಗೆ, ಒಂದು ಇಗ್ವಾನ. ನೋಡಲು ಬೇಲಿಯ ಮೇಲಿನ ಓತಿಕ್ಯಾತದ ಹಾಗೇ. ಆದರೆ ಮೊಳದುದ್ದ, ಹಚ್ಚ ಹಸಿರು.

"ಅದರ ಮೈಗೆ ತನ್ನದೇ ಬಿಸಿ ಇಲ್ಲ ಗುರುಗಳೇ. ಬಿಸಿಲು ಸಿಗದಿದ್ದರೆ ಮೂಳೆ ಮೆತ್ತಗಾಗುತ್ತೆ. ಇದರ ಜೊತೆಯದು ಹಾಗೇ ಹೋಯಿತು. ಈಗ ಇದೂ ಸೊಪ್ಪು ಮುಟ್ಟುತ್ತಿಲ್ಲ."

ಜೊತೆಯದನ್ನು ಅವಳೇ ತಂದು ಅಂಗಳದ ಹೊಂಗೆಯ ಕೆಳಗೆ ಮಣ್ಣು ಮಾಡಿದ್ದಳು. ಅಲ್ಲಿ ಮಾತ್ರ ಅವಳ ಪೊರಕೆ ಮೆಲ್ಲಗೆ ಆಡುತ್ತಿತ್ತು.

"ಪೈಗಳಿಗೆ ಹೇಳಿದೆಯಾ?"

"ದಿನಾ ಹೇಳ್ತೀನಿ. ಗಿರಾಕಿಗಳಿಗೂ ಹೇಳ್ತೀನಿ. ನಿನ್ನೆ ಒಬ್ಬರು ಮೀನಿನ ಆಹಾರ ಕೇಳಿಕೊಂಡು ಬಂದರು. ಅವರಿಗೂ ಹೇಳಿದೆ."

"ಮೀನಿನವರಿಗೂ?"

"ಪೂರ್ತಿ ಕೇಳಲೇ ಇಲ್ಲ, ಬರಿಗೈಲಿ ಹೊರಟುಬಿಟ್ಟರು. ಇನ್ನೊಬ್ಬ ಗಿರಾಕಿ ಹೀಗೆ ಓಡಿದರೆ ಕೆಲಸಕ್ಕೆ ಬರಲೇಬೇಡ ಅಂದಿದ್ದಾರೆ ಪೈಗಳು." ಪೊರಕೆ ನಿಂತಿತು. "ನಾನು ಹೋದರೆ ಅದನ್ನು ನೋಡುವವರು ಯಾರು?"

ಗುರುಗಳು ಹೊಂಗೆಯ ಕಡೆ ನೋಡಿದರು. ಆಮೇಲೆ ಶಾಲು ಹೊದ್ದು ಎದ್ದರು.

"ನಡಿ, ಟೀ ಕುಡಿದು ಬರೋಣ."

ಪುಷ್ಯಮಾಸದ ಚಳಿ. ಪೈಗಳು ಅಂಗಡಿಯ ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು, ಎಳೆಬಿಸಿಲಿಗೆ ಮುಖವೊಡ್ಡಿ, ಕಣ್ಣು ಅರ್ಧ ಮುಚ್ಚಿ ಟೀ ಹೀರುತ್ತಿದ್ದರು.

"ಒಳಗೆ ಕೂರೋದಿಲ್ಲವೇ?" ಎಂದರು ಗುರುಗಳು.

"ಅಯ್ಯೋ, ಆ ಎಸಿಯಲ್ಲಿ ಕೈಕಾಲು ಮರಗಟ್ಟುತ್ತೆ ಗುರುಗಳೇ. ಬೆಳಿಗ್ಗೆ ಹೀಗೆ ಸ್ವಲ್ಪ ಬಿಸಿಲು ಕಾಯಿಸದಿದ್ದರೆ ನನಗೆ ತಿಂಡಿಯೇ ಸೇರೋದಿಲ್ಲ."

ಗುರುಗಳು ಸೀದಾ ಒಳಗೆ ಹೋದರು. ಗಾಜಿನ ಪೆಟ್ಟಿಗೆಯನ್ನು ತಬ್ಬಿಕೊಂಡು ಹೊರಗೆ ಬಂದರು.

"ಇದೇನು ಗುರುಗಳೇ!"

"ಇವನಿಗೂ ತಿಂಡಿ ಸೇರುತ್ತಿಲ್ಲವಂತೆ. ನಿಮ್ಮ ಪಕ್ಕ ಕೂರಲಿ."

"ಗಾಜು ಬೇಡ!" ಪದ್ಮಾಕ್ಷಿ ಕೂಗಿದಳು. "ಬಿಸಿಲಲ್ಲಿ ಗಾಜಿನೊಳಗೆ ಬೆಂದುಹೋಗುತ್ತೆ. ತಂತಿ ಪಂಜರ ಬೇಕು. ಅರ್ಧ ನೆರಳಿರಲಿ."

ಪೈಗಳು ಅವಳ ಮುಖವನ್ನೇ ನೋಡಿದರು. ಅವಳ ಮಾತು ಇಷ್ಟು ಬೇಗ ಮುಗಿದದ್ದನ್ನು ಅವರು ಎಂದೂ ಕಂಡಿರಲಿಲ್ಲ.

"ಹಕ್ಕಿಗಳ ದೊಡ್ಡ ಪಂಜರ ಖಾಲಿ ಇದೆಯಲ್ಲ," ಎಂದು ತಾವೇ ಎದ್ದು ತಂದರು. ಪದ್ಮಾಕ್ಷಿ ಅದರ ಅರ್ಧಕ್ಕೆ ಗೋಣಿ ಹೊದಿಸಿ ಇಗ್ವಾನವನ್ನು ಒಳಗೆ ಬಿಟ್ಟಳು.

ಅದು ಬಿಸಿಲಿಗೆ ಹೊಟ್ಟೆಯೂರಿ ಮಲಗಿತು. ತುಸು ಹೊತ್ತಿಗೆ ಒಂದು ಕಣ್ಣು ತೆರೆಯಿತು. ತಲೆ ಎತ್ತಿತು.

"ಕೂತ್ಕೋ ಮಾರಾಯ," ಎಂದು ಪೈಗಳು ಕುರ್ಚಿ ಸರಿಸಿ ಜಾಗ ಬಿಟ್ಟರು. "ಪದ್ಮಾಕ್ಷಿ, ನಾಳೆಯಿಂದ ಬೇಗ ಬಾ. ನನ್ನ ಕುರ್ಚಿಯ ಜೊತೆ ಇದನ್ನೂ ಹೊರಗಿಡು."

ಪದ್ಮಾಕ್ಷಿಗೆ ಎದೆ ತುಂಬಿ ಬಂತು. ತುಂಬಿದ್ದು ಬಾಯಿಗೂ ಬಂತು. ಪೈಗಳ ಎದುರಿಗೆ ಬಂದು ನಿಂತಳು.

"ಇಷ್ಟೇ ಸಾಲದು ಪೈಗಳೇ. ಒಳಗಿದ್ದಾಗ ಬೆಚ್ಚಗಿನ ದೀಪ ಬೇಕು. ಹತ್ತೋಕೆ ಕೊಂಬೆ ಬೇಕು. ಸೊಪ್ಪು ಅಂದರೆ ಎಲ್ಲ ಸೊಪ್ಪೂ ಆಗೋದಿಲ್ಲ. ನುಗ್ಗೆ ಯಾಕೆ ಒಳ್ಳೆಯದು ಅಂದರೆ..."

ಪೈಗಳ ಟೀ ಮೇಲೆ ಕೆನೆ ಕಟ್ಟಿತು. ಮೆಟ್ಟಿಲು ಹತ್ತುತ್ತಿದ್ದ ಗಿರಾಕಿಯೊಬ್ಬರು ಅಲ್ಲೇ ನಿಂತರು. ಇಗ್ವಾನ ತಲೆ ಇಳಿಸಿ ಕಣ್ಣು ಮುಚ್ಚಿತು.

"ಹೇಳೋದು ನಿಲ್ಲಿಸಬೇಡ ಪದ್ಮಾಕ್ಷಿ," ಎಂದರು ಗುರುಗಳು. "ಒಂದು ಹೆಜ್ಜೆ ಆಚೆ ನಿಂತು ಹೇಳು. ಅದರ ಬಿಸಿಲಿಗೆ ಅಡ್ಡ ನಿಂತಿದ್ದೀಯ."